ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಮಗು ಮತ್ತು ಪುಟ್ಟ ನಾಯಿ

ಕನ್ನಡ ನಾಡಿನ ಹಳೆಯ ದಾಖಲೆಗಳಲ್ಲಿ ನಾಯಿಗೆ ಸಂದ ಗೌರವ ಅದರ ಶೌರ್ಯಕ್ಕೆ ಸಂದದ್ದು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಆತಕೂರು ಶಾಸನವು, ಗಂಗ ದೊರೆ ಇಮ್ಮಡಿ ಬೂತುಗನಿಂದ ಯೋಧ ಮಣಲೇರನು ಪಡೆದ 'ಕಾಳಿ' ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಮಡಿದುದನ್ನು ಸ್ಮರಿಸುತ್ತದೆ. ನಾಯಿ ಇರುವುದು ಬೇಟೆಗೆ ಇಲ್ಲವೆ ಕಾವಲಿಗೆ, ಅದರ ಜಾಗ ಹೊಸ್ತಿಲಿನಾಚೆ ಎಂಬ ತಿಳಿವಳಿಕೆಯು 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ಕಾಂಪೌಂಡು ಮನೆಗಳವರೆಗೂ ಸಾಗಿಬಂದಿತು.

ಆ ಮನೆಗಳಲ್ಲಿ ರಕ್ಷಣೆ ಬೇಕಿದ್ದುದು ಮಗುವಿಗೆ. ರೇಬೀಸ್, ಅಂದರೆ ಹುಚ್ಚುನಾಯಿ ರೋಗದ ಭಯದ ಜೊತೆಗೆ ಅದರ ಚಿಕಿತ್ಸೆಯ ಭಯವೂ ಇತ್ತು. ಕುರಿಯ ಮಿದುಳಿನ ಅಂಗಾಂಶದಿಂದ ತಯಾರಾದ ಲಸಿಕೆಯನ್ನು ಹೊಟ್ಟೆಗೆ ಹಲವು ದಿನ ಚುಚ್ಚಿಸಿಕೊಳ್ಳಬೇಕಾಗಿತ್ತು. ಭಾರತದಲ್ಲಿ ಈ ಲಸಿಕೆ 2004ರ ಕೊನೆಗೆ ನಿಂತು, ಜೀವಕೋಶಗಳಲ್ಲಿ ಬೆಳೆಸಿದ ವೈರಾಣುವಿನಿಂದ ತಯಾರಾಗುವ ಸುರಕ್ಷಿತ ಲಸಿಕೆಯು ಅದರ ಸ್ಥಾನ ಪಡೆಯಿತು. ಜಯನಗರಕ್ಕೆ ಸಮೀಪದ ನಿಮ್ಹಾನ್ಸ್ ಸಂಸ್ಥೆಯ ನರವೈರಾಣು ವಿಭಾಗವು ವಿಶ್ವ ಆರೋಗ್ಯ ಸಂಸ್ಥೆಯ ರೇಬೀಸ್ ಸಹಯೋಗಿ ಕೇಂದ್ರವಾಗಿ ಕೆಲಸ ಮಾಡಿದೆ.

ಪುಟ್ಟ ನಾಯಿ ಒಳಮನೆಗೆ ಬಂದದ್ದು ಬೇರೆ ದಾರಿಯಿಂದ. ವಿಕ್ಟೋರಿಯಾ ರಾಣಿಯು 1888ರಲ್ಲಿ ಇಟಲಿಯಿಂದ ತಂದ ಚಿಕ್ಕ ಪೊಮೇರಿಯನ್ ನಾಯಿಗಳು ಆ ತಳಿಯ ಕಿರಿದಾದ ರೂಪಕ್ಕೆ ಬೇಡಿಕೆ ಹುಟ್ಟಿಸಿದವು. ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ಬಂದ ಸ್ಪಿಟ್ಜ್ ಗುಂಪಿನ, ಅಂದರೆ ಚೂಪು ಮೂತಿ, ನಿಮಿರಿದ ಕಿವಿಗಳ ನಾಯಿಗಳ ಸಂತತಿಯನ್ನೂ ಇಲ್ಲಿನ ಜನ ಪೊಮೇರಿಯನ್ ಎಂದೇ ಕರೆದರು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತು ಹುಡುಗನ ಹಿಂದೆಯೇ ನಡೆಯುವ ಪಗ್ ನಾಯಿಯನ್ನು ತೋರಿಸಿ, ಮಗುವಿಗೆ ತಕ್ಕ ಜೊತೆಗಾರ ಪುಟ್ಟ ನಾಯಿಯೇ ಎಂಬ ಆಸೆಯನ್ನು ಬಲಪಡಿಸಿತು. ಅಷ್ಟರಲ್ಲಿ ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಅಪಾರ್ಟ್‌ಮೆಂಟುಗಳು ಹೆಚ್ಚಿ, ಅಂಗಳವಿಲ್ಲದ ಮನೆಗೆ ಸಣ್ಣ ತಳಿಯೇ ಒಗ್ಗುವಂತಾಗಿತ್ತು.

ಹೀಗೆ ನಾಯಿ ಹೊಸ್ತಿಲು ದಾಟಿದಾಗ ರಕ್ಷಣೆಯ ಹೊಣೆ ಎರಡು ಕಡೆಗೂ ಹಂಚಿಹೋಯಿತು. ಮೂರು ಕಿಲೋ ಕೂಡ ತೂಗದ ನಾಯಿಯ ಮುಂಗಾಲಿನ ಮೂಳೆಗಳು ಎಷ್ಟು ತೆಳುವೆಂದರೆ, ಮಗುವಿನ ತೋಳಿನಿಂದ ಜಾರಿ ಬಿದ್ದರೂ ಮುರಿಯಬಲ್ಲವು. ಮಗು ಪ್ರೀತಿಯಿಂದ ಕೊಡುವ ಚಾಕೊಲೇಟು, ದ್ರಾಕ್ಷಿಗಳು ನಾಯಿಗೆ ವಿಷ. ನೋವಾದ ನಾಯಿ ಎಷ್ಟೇ ಚಿಕ್ಕದಿದ್ದರೂ ಕಚ್ಚುತ್ತದೆ.

ಕಾನೂನು ಈ ಬದಲಾವಣೆಯ ಹೊರಮೈಯನ್ನಷ್ಟೇ ಮುಟ್ಟಿದೆ. 2017ರ ಕೇಂದ್ರ ನಿಯಮಗಳು ಎಂಟು ವಾರ ತುಂಬದ ಮರಿಗಳ ಮಾರಾಟವನ್ನು ನಿಷೇಧಿಸಿದವು. 2018ರಲ್ಲಿ ಫ್ಲ್ಯಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿ ಎಂಬ ಮಿತಿಯನ್ನು ತರಹೊರಟ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಉಪನಿಯಮಗಳು ವಿರೋಧದಿಂದಾಗಿ ತಡೆಹಿಡಿಯಲ್ಪಟ್ಟವು. ಮಗು ನೆಲದ ಮೇಲೆ ಕುಳಿತೇ ನಾಯಿಯನ್ನು ಮಡಿಲಿಗೆ ತೆಗೆದುಕೊಳ್ಳಬೇಕು, ಉಣ್ಣುವ ಇಲ್ಲವೆ ಮಲಗಿರುವ ನಾಯಿಯನ್ನು ಮುಟ್ಟಬಾರದು, ದೊಡ್ಡವರಿಲ್ಲದಾಗ ಇಬ್ಬರನ್ನೇ ಬಿಡಬಾರದು ಎಂಬಂಥ ಕಟ್ಟಳೆಗಳು ಯಾವ ಉಪನಿಯಮದಿಂದಲೂ ಬರುವಂಥವಲ್ಲ. ಕಾವಲುನಾಯಿಯ ಕಾಲದಲ್ಲಿ ಗೇಟು ಮಾಡುತ್ತಿದ್ದ ಕೆಲಸವನ್ನು ಈಗ ಮನೆಯ ಹಿರಿಯರೇ ಮಾಡಬೇಕಾಗಿದೆ.