‘ಪೇಷಂಟ್ ಕಡೆಯವರು ಯಾರು?’

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಹೃದಯದ ಚಿಕಿತ್ಸೆಗೆಂದು ರೈಲು ಹತ್ತಿದವರಲ್ಲಿ ಕೆಲವರು ಹೈದರಾಬಾದಿನ ಬೇಗಂಪೇಟೆಯಲ್ಲೇ ಇಳಿಯುವುದುಂಟು. ಪಂಜಗುಟ್ಟದ ನಿಮ್ಸ್ ಆಸ್ಪತ್ರೆ ಅಲ್ಲಿಗೆ ಹತ್ತಿರ. ಈ ಮೂರೂ ಕಡೆಯ ಊರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ದೊಡ್ಡ ಕಾಯಿಲೆ ಎಂದರೆ ಇಂದಿಗೂ ಹಲವರ ಕಾಲು ಆ ಕಡೆಗೇ ಹೊರಳುತ್ತದೆ. ರೋಗಿಯ ಜೊತೆ ಹೆಂಡತಿ, ಮಗ, ಅಳಿಯ ಬರುತ್ತಾರೆ. ‘ಪೇಷಂಟ್ ಕಡೆಯವರು ಯಾರು?’ ಎಂಬ ಕೂಗು ಬರುವುದು ಔಷಧಿ ತರಲು, ಬಿಲ್ ಕಟ್ಟಲು, ಸಹಿ ಹಾಕಲು. ಕಲಿಸುವುದಕ್ಕೂ ಅವರನ್ನು ಕರೆಯಬೇಕು ಎಂಬ ತಿಳಿವಳಿಕೆ ವೈದ್ಯಲೋಕಕ್ಕೆ ಬಂದದ್ದು ಬಹಳ ತಡವಾಗಿ.

ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸಿಡುತ್ತಿದ್ದ ಕಾಲವೊಂದಿತ್ತು. 1960ರ ದಶಕದ ಆರಂಭದಲ್ಲಿ ಹೃದಯದ ತೀವ್ರ ನಿಗಾ ಘಟಕಗಳು ಬಂದವು. ಮಾನಿಟರ್, ಡಿಫಿಬ್ರಿಲೇಟರ್‌ಗಳಿಂದ ಎಷ್ಟೋ ಜೀವಗಳು ಉಳಿದವು, ಆದರೆ ಮನೆಯವರು ಗಾಜಿನಾಚೆ ನಿಂತರು. ಅವರಿಗೆ ಏನು ಬೇಕು ಎಂದು 1979ರಲ್ಲಿ ಅಮೆರಿಕದ ನರ್ಸ್ ನ್ಯಾನ್ಸಿ ಮೋಲ್ಟರ್ 45 ಅಂಶಗಳ ಪಟ್ಟಿ ಹಿಡಿದು ಕೇಳಿದರು. ಅವರೆಲ್ಲ ಮೊದಲ ಸ್ಥಾನ ಕೊಟ್ಟದ್ದು ಭರವಸೆಗೆ. ಮುಂದಿನ ದಶಕಗಳ ಸಂಶೋಧನೆ ಬಹುಪಾಲು ಈ ಪಟ್ಟಿಯಿಂದಲೇ ಬೆಳೆಯಿತು.

ಒಳಗೆ ಬಿಟ್ಟರೆ ಸೋಂಕು ತರುತ್ತಾರೆ ಎಂಬ ಹೆದರಿಕೆ ಮಾತ್ರ ಉಳಿದಿತ್ತು. ಇಟಲಿಯ ಫ್ಲಾರೆನ್ಸ್‌ನಲ್ಲಿ ಹೃದ್ರೋಗಿಗಳ ಐಸಿಯುವೊಂದರಲ್ಲಿ ಎರಡು ತಿಂಗಳು ಬಿಗಿ ನಿಯಮ, ಎರಡು ತಿಂಗಳು ಮುಕ್ತ ಭೇಟಿ ಎಂದು ಸರದಿಯಲ್ಲಿ ಪರೀಕ್ಷಿಸಿದರು. 2006ರಲ್ಲಿ ಫಲಿತಾಂಶ ಹೊರಬಂತು: ಮುಕ್ತ ಭೇಟಿಯ ಅವಧಿಯಲ್ಲಿ ಸುತ್ತಲಿನ ಸೂಕ್ಷ್ಮಜೀವಿಗಳು ಹೆಚ್ಚಿದ್ದರೂ ಸೋಂಕಿನ ತೊಡಕು ಹೆಚ್ಚಲಿಲ್ಲ, ಹೃದಯದ ತೊಡಕುಗಳು ಕಡಿಮೆಯಾದವು. ಚಿಕ್ಕ ಅಧ್ಯಯನವೇ ಸರಿ, ಆದರೂ ಬಾಗಿಲು ಮುಚ್ಚಲು ಹೇಳುತ್ತಿದ್ದ ಕಾರಣ ಅಲ್ಲಿಗೆ ಸಡಿಲವಾಯಿತು. 2019ರಲ್ಲಿ ಬ್ರೆಜಿಲ್‌ನ 36 ಐಸಿಯುಗಳ ದೊಡ್ಡ ಪ್ರಯೋಗ ಉತ್ಸಾಹವನ್ನು ಸ್ವಲ್ಪ ತಗ್ಗಿಸಿತು. ದಿನಕ್ಕೆ 12 ಗಂಟೆಯವರೆಗೆ ಜೊತೆಗಿರಲು ಬಿಟ್ಟರೂ ರೋಗಿಗಳ ಸನ್ನಿ ಗಣನೀಯವಾಗಿ ಕಡಿಮೆಯಾಗಲಿಲ್ಲ. ಮನೆಯವರ ಆತಂಕವೇನೋ ಇಳಿದಿತ್ತು.

ನಮ್ಮಲ್ಲಿ ಕಥೆಯೇ ಬೇರೆ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನೂ ಉಳಿಸಿಕೊಂಡಿದ್ದರು. ಸಾಮಾನ್ಯ ವಾರ್ಡ್‌ಗಳಲ್ಲಂತೂ ಉಣಿಸುವುದು, ಮೈ ಒರೆಸುವುದು, ಶೌಚಕ್ಕೆ ಕರೆದೊಯ್ಯುವುದು ಎಂದಿನಿಂದಲೂ ಮನೆಯವರ ಕೆಲಸವೇ. ಹೇಳಿಕೊಡುವವರು ಇರಲಿಲ್ಲ, ಅಷ್ಟೆ.

ಆ ಕೊರತೆಗೆ ಕೈಹಾಕಿದ್ದು ಬೆಂಗಳೂರು. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಕೋರ್ಸ್ ಯೋಜನೆಯೊಂದು ಡಾ. ದೇವಿ ಶೆಟ್ಟರ ನಾರಾಯಣ ಹೃದಯಾಲಯಕ್ಕೆ ಬಂದು, ಮುಂದೆ ‘ನೂರಾ ಹೆಲ್ತ್’ ಸಂಸ್ಥೆಯಾಯಿತು. ಕಾಯುತ್ತ ಕುಳಿತವರನ್ನು ನರ್ಸ್‌ಗಳೇ ಸೇರಿಸಿ ಕಲಿಸುವುದು ಇದರ ಪದ್ಧತಿ. ಬೈಪಾಸ್ ಆದವರನ್ನು ಎಬ್ಬಿಸುವಾಗ ನಾವು ಸಹಜವಾಗಿ ಎರಡೂ ಕೈ ಹಿಡಿದು ಎಳೆಯುತ್ತೇವೆ. ತಂತಿ ಹಾಕಿ ಕೂಡಿಸಿದ ಎದೆಮೂಳೆಗೆ ಅದೇ ಅಪಾಯ. ಪಕ್ಕಕ್ಕೆ ಹೊರಳಿಸಿ, ಕಾಲು ಇಳಿಬಿಡಿಸಿ, ಬೆನ್ನಿಗೆ ಕೈಕೊಟ್ಟು ಎಬ್ಬಿಸಬೇಕು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಳ್ಳಬೇಕು. ರಕ್ತನಾಳ ತೆಗೆದ ಕಾಲಿನ ಗಾಯ ಕೆಂಪಾಯಿತೇ, ಕೀವು ಬಂತೇ ಎಂದು ದಿನವೂ ನೋಡಬೇಕು. ಸ್ಟೆಂಟ್ ಹಾಕಿದ ಮೇಲೆ ‘ಆರಾಮಾಗೇತಿ’ ಎಂದು ಮಾತ್ರೆ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಸ್ಟೆಂಟೇ ಕಟ್ಟಿಕೊಳ್ಳಬಹುದು. ಇವೆಲ್ಲ ನೋಡಿ, ಮಾಡಿ ಕಲಿಯುವ ವಿದ್ಯೆ. ಡಿಸ್ಚಾರ್ಜ್ ದಿನ ಗಡಿಬಿಡಿಯಲ್ಲಿ ಇಂಗ್ಲಿಷ್ ಹಾಳೆ ಕೊಟ್ಟರೆ ಬರುವುದಲ್ಲ.

ಹೃದಯ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳು ಶೇ 71ರಷ್ಟು ತಗ್ಗಿವೆ ಎಂದು ಸಂಸ್ಥೆ ಹೇಳಿದೆ. ಅಷ್ಟು ದೊಡ್ಡ ಅಂಕಿಯನ್ನು ನಾನು ಎಚ್ಚರದಿಂದಲೇ ಓದುತ್ತೇನೆ. ಕಲಿಸಿದ್ದೆಲ್ಲ ಫಲ ಕೊಡುವುದೂ ಇಲ್ಲ: ಪಾರ್ಶ್ವವಾಯು ರೋಗಿಗಳ ಮನೆಯವರಿಗೆ ಕಸರತ್ತು ಕಲಿಸಿದ ‘ಅಟೆಂಡ್’ ಪ್ರಯೋಗ ಭಾರತದ 14 ಆಸ್ಪತ್ರೆಗಳಲ್ಲಿ 1,250 ಜನರ ಮೇಲೆ ನಡೆಯಿತು. 2017ರ ವರದಿಯ ಪ್ರಕಾರ ಆರು ತಿಂಗಳ ಬಳಿಕ ಮನೆಯವರಿಗೆ ಕಲಿಸಿದ ಗುಂಪಿಗೂ ಕಲಿಸದ ಗುಂಪಿಗೂ ವ್ಯತ್ಯಾಸವಿರಲಿಲ್ಲ. ಮನೆಯವರು ಗುರುತು ಹಿಡಿಯಬಲ್ಲ ಅಪಾಯದ ಚಿಹ್ನೆ ಬೇರೆ, ಪರಿಣತರು ಮಾಡಿಸಬೇಕಾದ ಚಿಕಿತ್ಸೆ ಬೇರೆ. ನರ್ಸ್‌ಗಳ ಕೊರತೆಯನ್ನು ಸೊಸೆಯ ಹೆಗಲಿಗೆ ಹಾಕಲು ಈ ಕಾರ್ಯಕ್ರಮಗಳು ನೆಪವಾಗಬಾರದು.

ಕಲಬುರಗಿಯಲ್ಲೇ ಈಗ 371 ಹಾಸಿಗೆಗಳ ಜಯದೇವ ಆಸ್ಪತ್ರೆ ಎದ್ದಿದೆ. ಅಲ್ಲಿಗೆ ಹೋದರೂ ಹೈದರಾಬಾದಿಗೇ ಹೋದರೂ, ಊರಿಗೆ ಹೊರಡುವ ಮುನ್ನ ಮನೆಯವರು ಸಿಸ್ಟರ್ ಹೇಳಿದ್ದನ್ನು ತಮ್ಮದೇ ಮಾತಿನಲ್ಲಿ ತಿರುಗಿ ಹೇಳಿ ತೋರಿಸಲಿ: ಯಾವ ಮಾತ್ರೆ ಎಷ್ಟು ಹೊತ್ತಿಗೆ, ಉಪ್ಪು ಎಷ್ಟು, ಉಸಿರು ಕಟ್ಟಿದರೆ ಯಾರಿಗೆ ಫೋನ್. ತಪ್ಪಿದರೆ ಅಲ್ಲೇ ತಿದ್ದಬಹುದು.