ಗಡಿ ದಾಟಿದ ಮಂಗನ ಕಾಯಿಲೆ

1957ರಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ, ಕ್ಯಾಸನೂರು ಕಾಡಿನ ಮುಸುವಗಳೂ ಕೋತಿಗಳೂ ಸಾಯತೊಡಗಿದವು. ಅದೇ ದಿನಗಳಲ್ಲಿ ಸೌದೆ, ಸೊಪ್ಪು ತರಲು ಕಾಡಿಗೆ ಹೋದವರು ತೀವ್ರ ಜ್ವರ, ತಲೆನೋವು, ಮೈಕೈ ನೋವುಗಳಿಂದ ಹಾಸಿಗೆ ಹಿಡಿದರು. ಈ ಎರಡೂ ಸಾವುಗಳ ನಡುವಿನ ನಂಟನ್ನು ಊರಿನವರು ತಾವಾಗಿಯೇ ಕಂಡುಕೊಂಡಿದ್ದರು. 'ಮಂಗನ ಕಾಯಿಲೆ' ಎಂಬ ಹೆಸರೇ ಅದಕ್ಕೆ ಸಾಕ್ಷಿ.

ಪುಣೆಯ ವೈರಾಣು ಸಂಶೋಧನ ಕೇಂದ್ರಕ್ಕೆ ಈ ಸುದ್ದಿ ಆತಂಕ ತಂದಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರವೇ ಭಾರತಕ್ಕೆ ಬಂದಿತೇ ಎಂಬುದು ಮೊದಲ ಶಂಕೆ. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ನಡೆಸಿದ ಶೋಧನೆಯಲ್ಲಿ ದೊರೆತದ್ದು ಬೇರೆಯೇ ವೈರಾಣು. ಅದು ರಷ್ಯಾದ ಕಾಡುಗಳಲ್ಲಿ ಮಿದುಳುಜ್ವರ ತರುವ ವೈರಾಣುವಿನ ಹತ್ತಿರದ ಸಂಬಂಧಿ. ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಕಣ್ಣಿಗೆ ಬೀಳದಷ್ಟು ಸಣ್ಣ ಮರಿ ಉಣುಗು. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡದು.

ಉಣುಗು ಕಚ್ಚಿದ ಕೆಲವು ದಿನಗಳಲ್ಲಿ ವೈರಾಣು ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಬಿಳಿ ರಕ್ತಕಣಗಳೂ ಕಿರುಬಿಲ್ಲೆಗಳೂ ಕುಸಿಯುತ್ತವೆ, ಕೆಲವರಲ್ಲಿ ರಕ್ತಸ್ರಾವವಾಗುತ್ತದೆ. ಕ್ರಮೇಣ ಪ್ರತಿಕಾಯಗಳು ಹುಟ್ಟಿದಂತೆ ವೈರಾಣು ಹಿಂಜರಿಯುತ್ತದೆ, ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಗಳ ಬಳಿಕ ಮತ್ತೆ ಮರಳಿ, ನರಮಂಡಲವನ್ನು ಕಾಡುತ್ತದೆ.

ರಷ್ಯಾದ ವೈರಾಣುವಿನೊಡನೆ ಇದ್ದ ರಕ್ತಸಂಬಂಧವೇ ಆರಂಭದ ಭರವಸೆಯಾಗಿತ್ತು. ಆ ರೋಗಕ್ಕೆಂದು ಸಿದ್ಧವಾಗಿದ್ದ ಲಸಿಕೆಯನ್ನು ಇಲ್ಲಿ ಪ್ರಯೋಗಿಸಲಾಯಿತು. ಅದು ರಕ್ಷಣೆ ನೀಡಲಿಲ್ಲ. ಒಂದು ವೈರಾಣುವನ್ನು ಗುರುತಿಸಲು ಕಲಿತ ದೇಹ ಅದರ ದಾಯಾದಿಯನ್ನು ತಡೆದೇ ತೀರುತ್ತದೆಂಬ ನಿಯಮವಿಲ್ಲ. ಮುಂದೆ ಸ್ಥಳೀಯ ವೈರಾಣುವನ್ನೇ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ತಯಾರಿಸಿದರು. 2005ರಿಂದ 2010ರವರೆಗಿನ ಮಾಹಿತಿಯ ಅಧ್ಯಯನವೊಂದರ ಪ್ರಕಾರ ಎರಡು ಚುಚ್ಚುಮದ್ದುಗಳ ಪರಿಣಾಮ ಶೇ. 62ರಷ್ಟು; ಬಲವರ್ಧಕ ಸೇರಿದರೆ ಶೇ. 83ರಷ್ಟು. ಪ್ರತಿಕಾಯಗಳು ಬೇಗ ಕುಂದುತ್ತಿದ್ದುದರಿಂದ ಜನ ಮತ್ತೆ ಮತ್ತೆ ತೋಳು ಒಡ್ಡಬೇಕಾಗಿತ್ತು. ಕೂಲಿ ಬಿಟ್ಟು ಬರಲಾರದವರಿಗೆ ಇದು ಸುಲಭವಾಗಿರಲಿಲ್ಲ. ಲಸಿಕೆಯ ಶಕ್ತಿ ಕುಂದಿದ್ದರಿಂದ 2022ರ ಹೊತ್ತಿಗೆ ಅದರ ಬಳಕೆಯೇ ನಿಂತಿತು.

ದಶಕಗಳ ಕಾಲ ಕರ್ನಾಟಕದ್ದೇ ಎನಿಸಿದ್ದ ಈ ರೋಗ 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಕಾಣಿಸಿತು. ಸತ್ತ ಮಂಗಗಳನ್ನು ಸುಟ್ಟವರಿಗೇ ಅದು ತಗುಲಿತ್ತು. ಅದಕ್ಕೆ ಹೊಂದಿಕೊಂಡ ನೀಲಗಿರಿಯ ಮುದುಮಲೆ ಮತ್ತು ವಯನಾಡಿನ ಮಂಗಗಳಲ್ಲಿಯೂ ವೈರಾಣು ಪತ್ತೆಯಾಯಿತು. 2014-15ರಲ್ಲಿ ವಯನಾಡಿನಲ್ಲಿ ನೂರಕ್ಕೂ ಮಿಕ್ಕಿ ಜನ ರೋಗಕ್ಕೆ ತುತ್ತಾದರು. ಅವರಲ್ಲಿ ಬುಡಕಟ್ಟಿನವರೇ ಹೆಚ್ಚು. 2015ರಲ್ಲಿ ಗೋವೆಯ ಸತ್ತರಿ ತಾಲ್ಲೂಕಿನ ಪಾಳಿ ಗ್ರಾಮ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ ಈ ಪಟ್ಟಿಗೆ ಸೇರಿದವು. ಮಲಯಾಳದಲ್ಲಿ 'ಕುರಂಗುಪನಿ', ಮರಾಠಿಯಲ್ಲಿ 'ಮಾಕಡತಾಪ' ಎಂಬ ಹೆಸರುಗಳು ಬಂದವು. ಮೂರು ನುಡಿಗಳಲ್ಲಿಯೂ ಅರ್ಥ ಒಂದೇ.

ಕಾಡಂಚಿನ ಈ ಊರುಗಳು ಒಂದೇ ಸಹ್ಯಾದ್ರಿಯ ಆಸುಪಾಸಿನವು. ರಾಜ್ಯಗಳ ಗೆರೆಗಳನ್ನು ಎಳೆದದ್ದು ಭಾಷೆಯನ್ನು ನೋಡಿ. ಮಂಗ, ಉಣುಗು, ದನಕರುಗಳಿಗೆ ಆ ಗೆರೆ ಇಲ್ಲ. ಕಾಡು ಕಡಿದೆಡೆ ಮೇಯುವ ದನಗಳ ರಕ್ತ ಹೀರಿ ಉಣುಗು ಹೆಚ್ಚುತ್ತದೆಂದು ಹೋರ್ಹೆ ಬೊಷೆಲ್ 1969ರಲ್ಲಿಯೇ ವಾದಿಸಿದ್ದರು. ಆ ಎಚ್ಚರಿಕೆ ಗಡಿಯಾಚೆಯ ಕಾಡುಗಳಿಗೂ ಸಲ್ಲುತ್ತಿತ್ತು.

ಗಡಿನಾಡಿನ ದೃಷ್ಟಿಯಿಂದ ಈ ಚರಿತ್ರೆಯ ತಿರುಳು ಇಲ್ಲಿದೆ. ಸತ್ತ ಮಂಗವನ್ನು ಮುಟ್ಟಬಾರದು, ಕೂಡಲೇ ತಿಳಿಸಬೇಕು, ಕಾಡಿಗೆ ಹೋಗುವ ಮುನ್ನ ಉಣುಗು ನಿವಾರಕ ತೈಲ ಹಚ್ಚಿಕೊಳ್ಳಬೇಕು ಎಂಬ ತಿಳಿವಳಿಕೆ ಮಲೆನಾಡಿನ ಕನ್ನಡದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೂಡಿಬಂದದ್ದು. ವಯನಾಡಿನ ಕಾಟ್ಟುನಾಯ್ಕರ ನುಡಿ ಕನ್ನಡಕ್ಕೆ ಹತ್ತಿರದ್ದು. ರೋಗಕ್ಕಿಂತ ಮೊದಲು ಆ ತಿಳಿವಳಿಕೆ ಅವರ ಹಾಡಿಗಳನ್ನು ಅವರದೇ ಮಾತಿನಲ್ಲಿ ತಲುಪುವುದು ಅಸಾಧ್ಯವೇನಲ್ಲ. ಪರಿಣಾಮಕಾರಿ ಲಸಿಕೆ ಕೈಸೇರುವವರೆಗೆ ಕಾಡಂಚಿನವರಿಗೆ ಇರುವ ಕಾಪು ಆ ತಿಳಿವಳಿಕೆಯೇ.