ಹಳೆಯ ಕಾರುಗಳ ಬ್ರೇಕ್ ದೀಪದ ಸ್ವಿಚ್: ನೋಂದಣಿ ನವೀಕರಣಕ್ಕೆ ಮುನ್ನ ಪರಿಶೀಲನೆ ಮತ್ತು ಹೊಂದಾಣಿಕೆ

(ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ವಾಹನ ಮಾಲೀಕರ ಮಾಹಿತಿಗಾಗಿ)

1. ನವೀಕರಣ
ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರ ಮೇರೆಗೆ ಸ್ವಂತ ಬಳಕೆಯ ಕಾರಿನ ನೋಂದಣಿಯು 15 ವರ್ಷಗಳವರೆಗೆ ಮಾನ್ಯವಾಗಿರುತ್ತದೆ. ನವೀಕರಣಕ್ಕಾಗಿ ನಮೂನೆ 25ರಲ್ಲಿ, ಅವಧಿ ಮುಗಿಯುವ ಮುನ್ನಿನ 60 ದಿನಗಳೊಳಗೆ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು. ದೀಪಗಳಲ್ಲಿ ದೋಷವಿದ್ದಲ್ಲಿ ಸರಿಪಡಿಸಿ ಪುನಃ ಹಾಜರುಪಡಿಸಬೇಕಾಗುತ್ತದೆ.

2. ಮಹತ್ವ
ಗಂಟೆಗೆ 80 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 22 ಮೀಟರ್ ಚಲಿಸುತ್ತದೆ. ರಾಮನಗರ, ಚನ್ನಪಟ್ಟಣಗಳ ಬಳಿ ಸಾಗುವ ಬೆಂಗಳೂರು–ಮೈಸೂರು ಹೆದ್ದಾರಿಯಂತಹ ರಸ್ತೆಯಲ್ಲಿ ಬ್ರೇಕ್ ದೀಪವು ತಡವಾಗಿ ಬೆಳಗಿದರೆ ಹಿಂದಿನ ಚಾಲಕರಿಗೆ ಅಷ್ಟು ಅಂತರ ನಷ್ಟವಾಗುತ್ತದೆ. ದೀಪವು ಸದಾ ಉರಿಯುತ್ತಿದ್ದರೆ ಬ್ರೇಕ್ ಹಾಕಿದ್ದು ಅವರಿಗೆ ತಿಳಿಯುವುದೇ ಇಲ್ಲ, ಬ್ಯಾಟರಿಯೂ ಬರಿದಾಗುತ್ತದೆ.

3. ಸ್ವಿಚ್ಚಿನ ಕಾರ್ಯ
2014ರಲ್ಲಿ ಉತ್ಪಾದನೆ ನಿಂತ ಮಾರುತಿ 800ರಂತಹ ಕಾರುಗಳಲ್ಲಿ ಈ ಸ್ವಿಚ್ ಬ್ರೇಕ್ ಪೆಡಲ್‌ನ ಮೇಲ್ಭಾಗದಲ್ಲಿರುತ್ತದೆ. ಪೆಡಲ್ ಸ್ವಸ್ಥಾನದಲ್ಲಿರುವಾಗ ಸ್ವಿಚ್ಚಿನ ಒತ್ತುಗುಂಡಿ ಒಳಸೇರಿರುತ್ತದೆ. ಪೆಡಲ್ ತುಳಿದೊಡನೆ ಗುಂಡಿ ಹೊರಬಂದು ದೀಪ ಬೆಳಗುತ್ತದೆ. ಸ್ವಿಚ್ ಪೆಡಲ್‌ನಿಂದ ದೂರ ಸರಿದರೆ ದೀಪ ಆರುವುದಿಲ್ಲ. ಅತಿ ಸಮೀಪವಿದ್ದರೆ ತಡವಾಗಿ ಬೆಳಗುತ್ತದೆ.

4. ಹೊಂದಾಣಿಕೆಯ ಕ್ರಮ
(ಅ) ಮೊದಲು ಬಲ್ಬುಗಳು ಮತ್ತು ಫ್ಯೂಸ್ ಸರಿಯಿರುವುದನ್ನು ಖಚಿತಪಡಿಸಿಕೊಳ್ಳುವುದು.
(ಆ) ಸಮತಟ್ಟಾದ ಸ್ಥಳದಲ್ಲಿ ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕುವುದು.
(ಇ) ವೈರು ತಿರುಚಿಕೊಳ್ಳದಂತೆ ಸ್ವಿಚ್ಚಿನ ಕನೆಕ್ಟರ್ ಕಳಚುವುದು.
(ಈ) ಲಾಕ್ ನಟ್ ಸಡಿಲಿಸಿ, ಕಾರು ತಯಾರಕರ ಕೈಪಿಡಿಯಲ್ಲಿನ ಅಂತರಕ್ಕೆ ಅನುಗುಣವಾಗಿ ಸ್ವಿಚ್ಚನ್ನು ತಿರುಗಿಸುವುದು.
(ಉ) ಲಾಕ್ ನಟ್ ಬಿಗಿಮಾಡಿ, ಕನೆಕ್ಟರ್ ಜೋಡಿಸುವುದು.
(ಊ) ಕೀಲಿಯನ್ನು ಆನ್ ಸ್ಥಿತಿಯಲ್ಲಿಟ್ಟು, ಕಾರಿನ ಹಿಂದೆ ಒಬ್ಬರನ್ನು ನಿಲ್ಲಿಸಿ ಪರೀಕ್ಷಿಸುವುದು. ಪೆಡಲ್ ಲಘುವಾಗಿ ತುಳಿದೊಡನೆ ದೀಪಗಳು ಬೆಳಗಬೇಕು; ಬಿಟ್ಟೊಡನೆ ಆರಬೇಕು.

5. ಎಚ್ಚರಿಕೆ
ಸ್ವಿಚ್ಚನ್ನು ಪೆಡಲ್‌ಗೆ ಒತ್ತುವಷ್ಟು ಮುಂದಕ್ಕೆ ತಿರುಗಿಸಬಾರದು. ಹಾಗಾದಲ್ಲಿ ಪೆಡಲ್ ಪೂರ್ಣವಾಗಿ ಹಿಂದಿರುಗದೆ, ಬ್ರೇಕ್ ಸದಾ ಹಿಡಿದುಕೊಂಡು ಬಿಸಿಯಾಗುವ ಅಪಾಯವಿದೆ. ಹೊಂದಾಣಿಕೆಯ ನಂತರ ಚಕ್ರಗಳು ಸರಾಗವಾಗಿ ತಿರುಗುವುದನ್ನು ಪರಿಶೀಲಿಸತಕ್ಕದ್ದು. ಪೆಡಲ್ ಕೆಳಕ್ಕೆ ಕುಸಿಯುತ್ತಿದ್ದಲ್ಲಿ ದೋಷವು ಬ್ರೇಕಿನಲ್ಲಿಯೇ ಇರುತ್ತದೆ. ಅದು ಸ್ವಿಚ್ ಹೊಂದಾಣಿಕೆಯಿಂದ ಸರಿಹೋಗುವುದಿಲ್ಲ. ಕೆಲವು ಹಳೆಯ ಕಾರುಗಳಲ್ಲಿ ಸ್ವಿಚ್ ಬ್ರೇಕ್ ಆಯಿಲ್‌ನ ಒತ್ತಡದಿಂದ ಕೆಲಸ ಮಾಡುತ್ತದೆ. ಅದನ್ನು ಹೊಂದಿಸಲು ಬರುವುದಿಲ್ಲ, ಬದಲಾಯಿಸಬೇಕು. ಈ ಎರಡೂ ಸಂದರ್ಭಗಳಲ್ಲಿ ನುರಿತ ಮೆಕ್ಯಾನಿಕ್‌ರಿಂದಲೇ ಕೆಲಸ ಮಾಡಿಸತಕ್ಕದ್ದು.

6. ತಪಾಸಣೆಯ ದಿನ
ನೋಂದಣಿ ಪ್ರಮಾಣ ಪತ್ರ, ಚಾಲ್ತಿಯಲ್ಲಿರುವ ವಿಮೆ ಮತ್ತು ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರಗಳೊಂದಿಗೆ ಹಾಜರಾಗುವುದು. ಮನೆಯಿಂದ ಹೊರಡುವ ಮುನ್ನ ಬ್ರೇಕ್ ದೀಪಗಳನ್ನು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಲು ಕೋರಲಾಗಿದೆ.